ಧೂಳಣ್ಣನ ನರಿ, ಮಾರೆಪ್ಪನ ಮಷೀನು

ಕ್ಯಾಬಿನೆಟ್ಟಿನ ಮುಚ್ಚಳ ಬಿಚ್ಚಿದರೆ ಸಾಕು, ಆ ಕಂಪ್ಯೂಟರ್ ಯಾವ ಊರಿನದೆಂದು ನಾನು ಹೇಳುತ್ತಿದ್ದೆ. ಒಳಗೆಲ್ಲ ತೌಡು ಮೆತ್ತಿಕೊಂಡಿದ್ದರೆ ಕಂಪ್ಲಿಯ ಅಕ್ಕಿ ಗಿರಣಿಯದು. ಫ್ಯಾನಿನ ಹಿಂದೆ ಹಲ್ಲಿ ಮೊಟ್ಟೆ ಇಟ್ಟಿದ್ದು, ಜೊತೆಗೆ ಊದುಬತ್ತಿಯ ವಾಸನೆ ಬಂದರೆ ಹಂಪಿಯ ಯಾವುದೋ ಗೆಸ್ಟ್ ಹೌಸಿನದು. ಸಂಡೂರಿನದಾದರೆ ಕೇಳುವುದೇ ಬೇಡ. ಮದರ್‌ಬೋರ್ಡಿನ ಹಸಿರು ಬಣ್ಣವೇ ಕಾಣುತ್ತಿರಲಿಲ್ಲ, ಅಷ್ಟು ಕೆಂಪು. ಆ ಅದಿರಿನ ಧೂಳು ಭಾರ. ಊದಿದರೆ ಹೋಗದು, ಬ್ರಷ್ಷಿನಿಂದ ತಿಕ್ಕಿ ತೆಗೆಯಬೇಕು. ಸಂಜೆ ಮನೆಗೆ ಹೋದಾಗ ನಮ್ಮಮ್ಮ, "ಯಾರದರ ಮದುವಿ ಅರಿಶಿನ-ಕುಂಕುಮಕ್ಕ ಹೋಗಿದ್ದೇನು?" ಎಂದು ಕೇಳುತ್ತಿದ್ದಳು.

ನಾನು ಶಾರದಾ. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಒಂದು ಸರ್ವೀಸ್ ಅಂಗಡಿಯಲ್ಲೇ ನನ್ನ ಆಯುಷ್ಯದ ಮುಕ್ಕಾಲು ಪಾಲು ಕಳೆಯಿತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದಾಗ ಮೊದಲು ಟೇಪ್ ರೆಕಾರ್ಡರ್, ಆಮೇಲೆ ಟೀವಿ, ಕೊನೆಗೆ ಕಂಪ್ಯೂಟರ್. ಕಣ್ಣು ಮಂಜಾಗಿ, ಕೆಳಗೆ ಬಿದ್ದ ಸ್ಕ್ರೂ ಹುಡುಕಲು ನೆಲದ ಮೇಲೆ ಮಂಡಿ ಊರುವುದು ಹೆಚ್ಚಾದಾಗ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಬಂದು, "ಮೇಡಂ, ನಿಮ್ಮ ಕಾಲದಾಗ ಹೆಂಗಿತ್ತು?" ಎಂದು ಕೇಳುತ್ತಾರೆ. ಕೇಳಿದವರು ನೀವೇ, ಆದ್ದರಿಂದ ಉದ್ದವಾಯಿತೆಂದು ದೂರಬೇಡಿ.

ನೀವು ಇಂದು ಬೋರ್ಡು ಕೆಟ್ಟರೆ ಬೋರ್ಡು ಬದಲಿಸುತ್ತೀರಿ. ನಾವು ಬೆಸುಗೆ ಕಡ್ಡಿ ಹಿಡಿದು ಒಂದೊಂದು ಕೆಪಾಸಿಟರ್ ಹುಡುಕುತ್ತಿದ್ದೆವು. ಅದೇನು ದೊಡ್ಡಸ್ತಿಕೆಯಲ್ಲ, ಬಿಡಿಭಾಗ ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕಾಗಿತ್ತು, ಅದಕ್ಕೆ. ನಿಮ್ಮ ಪದ್ಧತಿಯೇ ಒಳ್ಳೆಯದು. ಬೆಸುಗೆಯ ಹೊಗೆ ಕುಡಿದ ನನ್ನ ಮೂಗು ಇಂದಿಗೂ ಸೀನುತ್ತದೆ.

ಗಣಿ ಜೋರಾಗಿದ್ದ ಕಾಲ ಅದು. ಟಿಪ್ಪರ್ ಕೊಂಡವರೆಲ್ಲ ಅದರ ಹಿಂದೆಯೇ ಒಂದು ಕಂಪ್ಯೂಟರನ್ನೂ ಕೊಳ್ಳುತ್ತಿದ್ದರು. ಯಾವುದು ಬೇಕೆಂದರೆ, "ಎಲ್ಲಾಕಿಂತ ದೊಡ್ಡದು ಕೊಡ್ರಿ" ಎನ್ನುವುದು. ಆಗಷ್ಟೇ ಬಂದಿದ್ದ ತೆಳು ಪರದೆಯ ಮಾನಿಟರನ್ನು ಒಬ್ಬರಿಗೆ ಕೊಟ್ಟಿದ್ದೆವು. ಮರುದಿನವೇ ಹೊತ್ತುಕೊಂಡು ವಾಪಸ್ ಬಂದರು. "ಅಲ್ರಿ, ನನಗ್ಯಾಕ ಇಂಥ ಬಡಕಲು ಕೊಟ್ರಿ? ನಮ್ಮ ಷಡ್ಡಕನ ಮನ್ಯಾಗ ನೋಡ್ರಿ, ಹೆಂಗ ಹೊಟ್ಟಿ ಬಂದೈತಿ!" ತೆಳುವಾದದ್ದೇ ಹೆಚ್ಚು ಬೆಲೆಯದೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹೊಟ್ಟೆ ಇರುವುದನ್ನೇ ತೆಗೆದುಕೊಂಡು ಹೋದರು.

ಅಂಗಡಿಯ ಯಜಮಾನರು ಆಚಾರ್ ಸರ್. ಹಣೆಯಲ್ಲಿ ಅಂಗಾರ-ಅಕ್ಷತೆ, ಕೈಯಲ್ಲಿ ಮಲ್ಟಿಮೀಟರ್. ಗಿರಾಕಿ ತನ್ನ ಕಥೆ ಹೇಳಿ ಮುಗಿಸುವವರೆಗೆ ಮಷೀನು ಮುಟ್ಟಲು ಬಿಡುತ್ತಿರಲಿಲ್ಲ. "ಶಾರದಾ, ನೋಡವಾ, ಮೊದಲ ಅವರು ಮಾತಾಡ್ಲಿ. ಏನು ಮಾಡಿಲ್ಲ ಅಂತ ಹೇಳ್ತಾರಲ್ಲ, ಅದನ್ನ ಮಾಡಿರ್ತಾರ" ಎನ್ನುವರು. ಕಮಲಾಪುರದ ಒಬ್ಬರು, "ಏನೂ ಮಾಡಿಲ್ರಿ, ತಾನ ಕೆಟ್ಟೈತಿ" ಎಂದು ದೇವರಾಣೆ ಹಾಕಿ ಬಿಟ್ಟುಹೋದ ಮಷೀನಿನ ಫ್ಲಾಪಿ ತೂರಿಸುವ ಬಾಯಿಯಿಂದ ನಾನು ಎಲೆ, ಅಡಿಕೆ, ಒಂದು ಉತ್ತತ್ತಿ ಹೊರತೆಗೆದೆ. ಹಿಂದಿನ ವಾರ ಆಯುಧಪೂಜೆ ಆಗಿತ್ತು. ಪೂಜೆ ಮಾಡಿದ್ದನ್ನು ಅವರು "ಮಾಡಿದ್ದು" ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ.

ಅಂಗಡಿಗೆ ಇಂಟರ್ನೆಟ್ ಬಂದ ಮೇಲೆ ನನಗೊಂದು ಚಟ ಹತ್ತಿತು. ಮಧ್ಯಾಹ್ನ ಆಚಾರ್ ಸರ್ ಊಟಕ್ಕೆ ಮನೆಗೆ ಹೋದರೆ ನಾನು ಬುತ್ತಿ ಬಿಚ್ಚಿಕೊಂಡು "ಗಣಕಕಟ್ಟೆ" ಎಂಬ ತಾಣ ತೆರೆಯುತ್ತಿದ್ದೆ. ಕಂಪ್ಯೂಟರ್ ಹುಚ್ಚಿನ ಕನ್ನಡಿಗರು ಸೇರಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಚ್ಚಾಡುವ ಜಾಗ ಅದು. ಯಾರಿಗೂ ಸ್ವಂತ ಹೆಸರಿಲ್ಲ. ನಾನು "ಕೆಂಪುಧೂಳು" ಎಂದು ಇಟ್ಟುಕೊಂಡೆ. ಹಾರ್ಡ್‌ವೇರ್ ವಿಷಯ ಮಾತಾಡುತ್ತೇನೆಂದರೆ ಗಂಡಸೇ ಇರಬೇಕೆಂದು ಎಲ್ಲರೂ ತಾವೇ ತೀರ್ಮಾನಿಸಿ "ಧೂಳಣ್ಣ" ಎಂದು ಕರೆಯತೊಡಗಿದರು. ನಾನೂ ತಿದ್ದಲು ಹೋಗಲಿಲ್ಲ. ಅಂಗಡಿಗೆ ಬಂದವರು ನನ್ನನ್ನು ದಾಟಿ ಒಳಗೆ ಇಣುಕಿ, "ಎಂಜಿನಿಯರ್ ಇಲ್ಲೇನ್ರಿ?" ಎಂದು ಕೇಳುವುದು ದಿನವೂ ಇತ್ತು. ಇಲ್ಲಾದರೂ ಕೇಳದೆ ಅಣ್ಣನ ಪದವಿ ಸಿಕ್ಕಿತಲ್ಲ, ಇರಲಿ ಎಂದುಕೊಂಡೆ.

ಆ ಕಟ್ಟೆಯಲ್ಲಿ ದೊಡ್ಡ ಜಗಳವೆಂದರೆ ಬ್ರೌಸರಿನದು. ಬ್ರೌಸರ್ ಎಂದರೆ ಇಂಟರ್ನೆಟ್ ನೋಡುವ ಕಿಟಕಿ, ಅಷ್ಟೇ. ಅದಕ್ಕೆ ಜನ ಆಸ್ತಿ ಪಾಲಿಗೆ ನಿಂತ ದಾಯಾದಿಗಳ ಹಾಗೆ ಹೊಡೆದಾಡುತ್ತಿದ್ದರು. ಕಂಪ್ಯೂಟರಿನ ಜೊತೆ ತಾನಾಗಿ ಬರುವ ನೀಲಿ ಅಕ್ಷರದ ಬ್ರೌಸರಿನವರದು ಒಂದು ಪಂಗಡ. ಹೊಸದಾಗಿ ಬಂದಿದ್ದ, ಭೂಮಿಯನ್ನು ಅಪ್ಪಿ ಮಲಗಿದ ನರಿಯ ಚಿತ್ರವಿದ್ದ ಬ್ರೌಸರಿನವರದು ಇನ್ನೊಂದು. ನಾನು ನರಿಯ ಕಡೆ. ನೀಲಿ ಕಿಟಕಿಯಿಂದ ಒಳನುಗ್ಗಿದ ವೈರಸ್ ತೆಗೆದು ತೆಗೆದು ನನ್ನ ಕೈ ಸೋತಿತ್ತು. ನೀಲಿ ಪಂಗಡದ ಮುಖಂಡನ ಹೆಸರು "ಮೊಸರನ್ನ". ಯಾವ ಊರಿನವನೋ ಗೊತ್ತಿಲ್ಲ, ಮಾತು ಮೈಸೂರು ಕಡೆಯದು. "ಧೂಳಣ್ಣ, ನಿನ್ನ ನರಿಗೆ ಊಟ ಹಾಕೋಕೆ ಮೆಮೊರಿ ಸಾಲ್ದೆ ಜನ ಮನೆ ಮಾರ್ಕೋಬೇಕು" ಎಂದು ಬರೆಯುವನು. ನಾನು, "ನಿಮ್ಮ ನೀಲಿ ಕಿಟಕಿಗೆ ಚಿಲಕಾನ ಇಲ್ಲ ಬಿಡ್ರಿ" ಎಂದು ಉತ್ತರ ಕೊಡುವೆ. ಬುತ್ತಿಯ ರೊಟ್ಟಿ ಒಣಗಿದರೂ ಜಗಳ ಮುಗಿಯುತ್ತಿರಲಿಲ್ಲ. ಕೆಲವು ದಿನ ಅವನ ಮೇಲೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಮುಖ ನೋಡದ ಮನುಷ್ಯನನ್ನು ಕನಸಿನಲ್ಲಿ ಬೈದದ್ದೂ ಉಂಟು.

ಕಂಪ್ಲಿಯ ಗಿರಣಿಯ ಸಾಹುಕಾರರೊಬ್ಬರಿಗೆ ನಾನು ನರಿ ಬ್ರೌಸರ್ ಹಾಕಿಕೊಟ್ಟೆ. ಅವರಿಗೆ ಎಲ್ಲಿಲ್ಲದ ಸಂತೋಷ. "ಭಾಳ ಛಲೋ ಆತು ನೋಡ್ರಿ. ಮುಂಜಾನೆ ಎದ್ದು ನರಿ ಮುಖ ನೋಡಿದ್ರ ಆ ದಿನದ ವ್ಯಾಪಾರ ಮಸ್ತ್ ಇರ್ತೈತಿ." ನಾನು ಗೆದ್ದೆನೆಂದು ಕಟ್ಟೆಯಲ್ಲಿ ಡಂಗುರ ಸಾರಿದೆ. ಮುಂದಿನ ತಿಂಗಳು ಹೋಗಿ ನೋಡಿದರೆ, ಸಾಹುಕಾರರು ಬೆಳಿಗ್ಗೆ ನರಿಯನ್ನು ತೆರೆದು, ಕೈ ಮುಗಿದು, ಮುಚ್ಚಿ, ಭತ್ತದ ರೇಟು ನೋಡಲು ನೀಲಿ ಅಕ್ಷರ ಒತ್ತುತ್ತಿದ್ದರು. ಅದನ್ನೂ ಕಟ್ಟೆಯಲ್ಲಿ ಬರೆದುಬಿಟ್ಟೆ, ನನ್ನ ಬಾಯಿ ಸುಮ್ಮನಿರುವುದಲ್ಲ. ಮೊಸರನ್ನ ಒಂದೇ ಸಾಲು ಬರೆದ: "ಪೂಜೆಗೆ ನಿಮ್ದು, ಕೆಲ್ಸಕ್ಕೆ ನಮ್ದು." ಒಂದು ವಾರ ಆ ಕಡೆ ತಲೆ ಹಾಕಲಿಲ್ಲ ನಾನು.

ಇಷ್ಟೆಲ್ಲ ಹೇಳಿದ್ದು ಸಂಡೂರಿನ ಪ್ರಕರಣಕ್ಕೆ ಬರಲಿಕ್ಕೆ.

ಅಲ್ಲಿ ಒಂದು ಗಣಿಯವರ ವೇಬ್ರಿಜ್ ಇತ್ತು. ಅದಿರು ತುಂಬಿದ ಲಾರಿಯನ್ನು ಅದರ ಮೇಲೆ ನಿಲ್ಲಿಸಿದರೆ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ತೂಕ ಮೂಡುತ್ತದೆ, ಚೀಟಿ ಅಚ್ಚಾಗುತ್ತದೆ. ಕಂಪ್ಯೂಟರಿನ ಮುಂದೆ ಕೂರುತ್ತಿದ್ದವನ ಹೆಸರು ಮಾರೆಪ್ಪ ಎಂದಿಟ್ಟುಕೊಳ್ಳಿ. ಚೋರನೂರಿನವನು, ನಲವತ್ತರ ಆಸುಪಾಸು. ಊರಿನಲ್ಲಿ ಅವನಿಗೆ "ಕಂಪ್ಯೂಟರ್ ಮಾರೆಪ್ಪ" ಎಂದೇ ಹೆಸರು. ಆ ಹೆಸರು ಹೇಳುವಾಗ ಅವನ ಮೀಸೆ ತಾನಾಗಿ ಮೇಲೇಳುತ್ತಿತ್ತು.

ಈ ಕಂಪ್ಯೂಟರ್ ಮಧ್ಯಾಹ್ನದ ಹೊತ್ತು ತಾನಾಗಿ ಆಫ್ ಆಗಲು ಶುರುವಾಯಿತು. ಆಫ್ ಆದರೆ ತೂಕವಿಲ್ಲ, ಲಾರಿ ಸಾಲು ರಸ್ತೆಯವರೆಗೆ. ಡ್ರೈವರುಗಳು ಗಲಾಟೆ ಮಾಡಿದಾಗ ಕೆಲವು ಲಾರಿಗಳನ್ನು ಅಂದಾಜಿನ ಮೇಲೆ ಬಿಡಬೇಕಾಗುತ್ತಿತ್ತು. ನನಗೆ ಬುಲಾವು ಬಂತು. ಅವರದೇ ಜೀಪಿನಲ್ಲಿ ಹೋದೆ. ಮಷೀನು ಥಳಥಳ ಹೊಳೆಯುತ್ತಾ ಕೂತಿತ್ತು. ಇಡೀ ಮಧ್ಯಾಹ್ನ ಎದುರಿಗೆ ಕೂತರೂ ಆಫ್ ಆಗಲಿಲ್ಲ. ಯುಪಿಎಸ್ ಬದಲಿಸಿ ಬಂದೆ. ಎರಡು ದಿನಕ್ಕೆ ಮತ್ತೆ ಫೋನು. ಈ ಸಲ ಮಷೀನನ್ನು ಅಂಗಡಿಗೇ ತಂದು ಓಡಿಸಿದೆವು. ಜ್ವರ ಬಿಟ್ಟ ಕೂಸಿನ ಹಾಗೆ ಚೆನ್ನಾಗಿತ್ತು. ವಾಪಸ್ ಕಳಿಸಿದೆವು, ಮತ್ತೆ ಆಫ್. ಮೂರನೆಯ ಸಲ ಹೋಗಿ ಕೂತೆ, ಮತ್ತೆ ಏನೂ ಆಗಲಿಲ್ಲ.

ಮಾರೆಪ್ಪನನ್ನು ಕೇಳಿದೆ, "ಏನರ ಹೊಸದು ಮಾಡೀಯೇನಪ್ಪಾ?"

"ಏನಿಲ್ರಿ ಅಕ್ಕೋರೆ. ಭಾಳ ಜೋಪಾನ ಮಾಡೀನ್ರಿ, ಕೂಸಿನಂಗ ನೋಡ್ಕೊಂಡೀನಿ."

ಹೊರಗೆ ಬಂದಾಗ ಮ್ಯಾನೇಜರ್ ಸುಬ್ಬಾರಾವ್ ನನ್ನನ್ನು ಜೀಪಿನ ಮರೆಗೆ ಕರೆದರು. ಆಂಧ್ರದ ಕಡೆಯವರು, ಕನ್ನಡ ಅವಸರದ್ದು. "ಚೂಡಂಡಿ ಮೇಡಂ. ನೀವು ಬಂದ್ರೆ ಆಫ್ ಆಗೋದಿಲ್ಲ. ನಿಮ್ಮ ಶಾಪಿನಲ್ಲಿ ಆಫ್ ಆಗೋದಿಲ್ಲ. ಇವನೊಬ್ಬನೇ ಇದ್ದಾಗ ಮಾತ್ರ ಆಗ್ತದೆ. ಅರ್ಥ ಆಯ್ತಲ್ಲಾ? ಯಾರದೋ ಲಾರಿ ತೂಕ ಇಲ್ಲದೆ ಹೋಗ್ಬೇಕು, ಇವನು ಸ್ವಿಚ್ ಒತ್ತುತಾನೆ. ಮಷೀನು ಸರಿ ಇದೆ ಅಂತ ನೀವು ಒಂದು ಮಾತು ಹೇಳಿಬಿಡಿ. ಶನಿವಾರ ಇವನನ್ನ ಮನೆಗೆ ಕಳಿಸ್ತೀನಿ."

ನಾನು ಶನಿವಾರದವರೆಗೆ ಸಮಯ ಕೇಳಿದೆ. ಮಷೀನು ಸರಿಯಾಗಿಯೇ ಇತ್ತು, ಹಾಗೆಂದು ಹೇಳುವುದು ನನ್ನ ಕೆಲಸ. ಹೇಳಿದರೆ ಒಬ್ಬ ಮನುಷ್ಯ ಕಳ್ಳನಾಗುತ್ತಾನೆ. ಮಾರೆಪ್ಪನಿಗೆ ಸುಳಿವು ಹತ್ತಿತ್ತು. ಜೀಪು ಹತ್ತುವಾಗ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಕೆಲಸ ಹೋದ್ರ ಹೋಗ್ಲಿ ಅಕ್ಕೋರೆ, ಹೊಲ ಐತಿ. ಕಳ್ಳ ಅನಿಸ್ಕೊಂಡು ಊರಾಗ ಹೆಂಗ ಕಾಲಿಡ್ಲಿ?"

ಆಚಾರ್ ಸರ್‌ಗೂ ಹೊಳೆಯಲಿಲ್ಲ. ಕೊನೆಗೆ ಬುತ್ತಿ ಪಕ್ಕಕ್ಕಿಟ್ಟು ಗಣಕಕಟ್ಟೆಯಲ್ಲಿ ಎಲ್ಲವನ್ನೂ ಬರೆದೆ. ಯಾವ ಪ್ರೊಸೆಸರ್, ಎಷ್ಟು ಮೆಮೊರಿ, ಎಷ್ಟು ಹೊತ್ತಿಗೆ ಆಫ್, ಒಬ್ಬರ ಕೆಲಸ ಹೋಗುವುದರಲ್ಲಿದೆ, ದಯವಿಟ್ಟು ಬೇಗ ಹೇಳಿ ಎಂದೆ.

ಬಂತು ನೋಡಿ ಉತ್ತರಗಳ ಮಳೆ. ಆ ಕಂಪನಿಯ ಪ್ರೊಸೆಸರ್ ಕೊಂಡದ್ದೇ ತಪ್ಪು ಎಂದು ಒಬ್ಬ. ಅದೇ ಶ್ರೇಷ್ಠ, ನಿನ್ನದೇ ಡಬ್ಬಾ ಎಂದು ಇನ್ನೊಬ್ಬ. ಅವರಿಬ್ಬರ ಜಗಳವೇ ಎರಡು ಪುಟ. ಹಳೇ ಆಪರೇಟಿಂಗ್ ಸಿಸ್ಟಂ ಕಿತ್ತೊಗೆದು ಪುಕ್ಕಟೆ ಸಿಗುವುದನ್ನು ಹಾಕು ಎಂದವರು ಕೆಲವರು. ನನ್ನ ಪಂಗಡದವರೇ ಹಲವರು, "ನೀಲಿ ತೆಗೆದು ನರಿ ಹಾಕಿ ಧೂಳಣ್ಣ, ಎಲ್ಲಾ ಸರಿಹೋಗುತ್ತೆ" ಎಂದು ಬರೆದರು. ಆ ತೂಕದ ಕೋಣೆಗೆ ಇಂಟರ್ನೆಟ್ಟೇ ಇಲ್ಲವೆಂದು ಮೊದಲ ಸಾಲಿನಲ್ಲೇ ಹೇಳಿದ್ದೆ. ಓದುವವರು ಯಾರು? ನಮ್ಮ ಪಂಗಡದ ಮೇಲೆ ನನಗೆ ಮೊದಲ ಸಲ ನಾಚಿಕೆಯಾಯಿತು.

ಎಲ್ಲರ ಕೆಳಗೆ ಮೊಸರನ್ನ ಬರೆದಿದ್ದ. ಅಣಕಿಸಿರುತ್ತಾನೆ ಎಂದುಕೊಂಡೇ ಓದಿದೆ. "ಧೂಳಣ್ಣ, ನೀನು ಬರ್ತೀಯ ಅಂತ ಅಲ್ಲಿ ಮೊದ್ಲೇ ಗೊತ್ತಿರುತ್ತಾ? ಗೊತ್ತಿದ್ರೆ, ನೀನು ಬರೋ ಹೊತ್ತಿಗೆ ಅಲ್ಲಿ ಏನೋ ಬದಲಾಗ್ತಿದೆ. ಹೇಳ್ದೆ ಹೋಗು."

ಹೌದು, ಪ್ರತಿ ಸಲವೂ ಮೊದಲು ಫೋನು, ಆಮೇಲೆ ಜೀಪು. ಮೊಸರನ್ನ ಹೇಳಿದ್ದು ಸರಿಯಾಗಿತ್ತು, ಆದರೆ ಸರಿಯಾಗಿದ್ದರಿಂದಲೇ ಭಯವಾಯಿತು. ಹೇಳದೆ ಹೋದರೆ ಮಾರೆಪ್ಪನ ಬೆರಳು ಸ್ವಿಚ್ಚಿನ ಮೇಲಿರುವುದನ್ನೇ ನೋಡಬೇಕಾದೀತೇನೋ. ನನಗೆ ಆ ಮನುಷ್ಯ ಒಳ್ಳೆಯವನೆನಿಸಿದ್ದ. ಆ ಎಣಿಕೆ ತಪ್ಪೆಂದು ತಿಳಿದುಕೊಳ್ಳುವ ಮನಸ್ಸಿರಲಿಲ್ಲ.

ಶುಕ್ರವಾರ ಸಂಡೂರು ಬಸ್ಸು ಹತ್ತಿದೆ. ಅಲ್ಲಿಂದ ಆಟೋ, ಕೊನೆಯ ತುಸು ದೂರ ನಡಿಗೆ. ತಲೆಯ ಮೇಲೆ ಸೆರಗು ಹೊದ್ದು, ಕೆಂಪು ಧೂಳಿನಲ್ಲಿ ಮಿಂದು ತೂಕದ ಕೋಣೆಯ ಬಾಗಿಲಲ್ಲಿ ನಿಂತೆ. ಮಾರೆಪ್ಪ ಕೆಲಸದಲ್ಲಿ ಮುಳುಗಿದ್ದ, ಎರಡೂ ಕೈ ಕೀಬೋರ್ಡಿನ ಮೇಲೆ. ಪಕ್ಕದಲ್ಲಿ ಕಂಪ್ಯೂಟರ್ ಇರಬೇಕಾದಲ್ಲಿ ಮದುವಣಗಿತ್ತಿಯ ಹಾಗೆ ಏನೋ ಕೂತಿತ್ತು. ಮರೂನ್ ಬಣ್ಣದ ಮಖಮಲ್ಲಿನ ಕವಚ, ಸುತ್ತ ಹಳೇ ಸೀರೆಯ ಜರಿ ಅಂಚು, ಎದುರಿಗೆ ಹಸಿರು ಗಿಳಿಯ ಕಸೂತಿ. ಗಿಳಿಯ ಕೊಕ್ಕಿನ ಬಳಿ ಆನ್ ಮಾಡುವ ಗುಂಡಿಗೆ ಒಂದು ದುಂಡನೆಯ ತೂತು. ಒಳಗೆ ಇನ್ನೊಂದು ಪದರ, ಗಟ್ಟಿ ಪ್ಲಾಸ್ಟಿಕ್. ಬುಡದಲ್ಲಿ ಲಾಡಿ ಎಳೆದು ಬಿಗಿದು ಕಟ್ಟಿತ್ತು. ಒಳಗಿನ ಬಿಸಿಗಾಳಿ ಹೋಗಲು ಒಂದು ಸೂಜಿಯ ಸಂದೂ ಇರಲಿಲ್ಲ.

ನನ್ನನ್ನು ನೋಡಿದ್ದೇ ಮಾರೆಪ್ಪ ಗಾಬರಿಯಿಂದ ಎದ್ದ. "ಅಯ್ಯೋ, ತಡೀರಿ ಅಕ್ಕೋರೆ, ಒಂದ್ ನಿಮಿಷ!" ಎನ್ನುತ್ತಾ ಲಾಡಿ ಬಿಚ್ಚತೊಡಗಿದ.

"ಮಾರೆಪ್ಪಾ, ಇದೇನೋ ಇದು?"

"ಕವರ್ರೀ. ಧೂಳು ಕುಂತ್ರ ಪಗಾರ ಹಿಡೀತೀನಿ ಅಂತ ಸಾಹೇಬ್ರು ಬೈದ್ರು. ನಮ್ಮಾಕಿ ಹುಲಿಗೆಮ್ಮ ಹೊಲಕೊಟ್ಲು. ಒಂದು ಚೂರು ಧೂಳು ಒಳಗ ಹೋಗಂಗಿಲ್ಲ ನೋಡ್ರಿ."

"ಮತ್ತ ನಾ ಬಂದಾಗೆಲ್ಲ ಇದು ಎಲ್ಲಿತ್ತು?"

"ನೀವು ಬರ್ತೀರಿ ಅಂತ ಫೋನ್ ಬಂದ ಕೂಡ್ಲೆ ಜಲ್ದಿ ತೆಗೆದು ಮಡಚಿ ಚೀಲದಾಗ ಇಡ್ತಿದ್ದೆ." ಇವಳಿಗೆ ಇಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿದ. "ಅಲ್ರಿ ಅಕ್ಕೋರೆ, ಡಾಕ್ಟ್ರು ಬಂದಾಗ ಅಂಗಿ ಬಿಚ್ಚಿ ತೋರಿಸ್ಬೇಕಲ್ರಿ?"

ನಾನು ಬಾಗಿಲ ಹೊಸ್ತಿಲ ಮೇಲೆ ಕೂತು ನಕ್ಕೆ. ನಗುತ್ತಾ ನಗುತ್ತಾ ಅಳುವೂ ಬಂತು. ಮಾರೆಪ್ಪ ಗಾಬರಿಯಾಗಿ ಕುಡಿಯಲು ನೀರು ತಂದ. ಕೆಲವು ಕಂಪ್ಯೂಟರ್ ಹೆಚ್ಚು ಬಿಸಿಯಾದರೆ ಸುಟ್ಟುಹೋಗಬಾರದೆಂದು ತಾವೇ ಆಫ್ ಆಗುತ್ತವೆ, ಮಧ್ಯಾಹ್ನದ ಆ ಬಿಸಿಲಿನಲ್ಲಿ ಮಖಮಲ್ಲು ಹೊದ್ದ ಮಷೀನು ಇನ್ನೇನು ಮಾಡೀತು ಎಂದು ಅವನಿಗೆ ತಿಳಿಸಿ ಹೇಳಿದೆ. ಅವನ ಮುಖ ಬಿಳಚಿಕೊಂಡಿತು.

ಸುಬ್ಬಾರಾವ್ ಹೇಳಿದರೆ ನಂಬುವ ಪೈಕಿ ಅಲ್ಲ. "ಬಟ್ಟೆ ಹಾಕಿದ್ರೆ ಕಂಪ್ಯೂಟರ್ ಆಫಾ? ಅವನನ್ನ ಉಳಿಸೋಕೆ ಹೇಳ್ತಾ ಇದ್ದೀರಾ ಮೇಡಂ?" ಎಂದರು. ನನಗೆ ರೇಗಿತು. "ಹಂಗಾರ ನೋಡೇ ಬಿಡೋಣ ಬರ್ರಿ" ಎಂದೆ. ಕವಚವನ್ನು ಮೊದಲಿನಂತೆ ಬಿಗಿದು ಕಟ್ಟಿಸಿದೆ. ಮಾರೆಪ್ಪನನ್ನು ಕೋಣೆಯ ಹೊರಗೆ, ಎಲ್ಲರಿಗೂ ಕಾಣುವ ಹಾಗೆ ಒಂದು ಬಂಡೆಯ ಮೇಲೆ ಕೂರಿಸಿದೆ. ಮ್ಯಾನೇಜರ್ ಮಷೀನಿನ ಪಕ್ಕದಲ್ಲೇ ನಿಂತರು. ನಾನು ಕೂತು ಲಾರಿ ತೂಗತೊಡಗಿದೆ.

ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು. ಮಷೀನು ಗುಂಯ್‌ಗುಡುತ್ತಾ ಓಡುತ್ತಲೇ ಇದೆ. ಅಂದೇ ಹಾಳಾದ್ದು ತಂಪು ಗಾಳಿ ಬೇರೆ ಬೀಸಬೇಕೇ? ಸುಬ್ಬಾರಾವ್ ಗಡಿಯಾರ ನೋಡಿಕೊಂಡರು. ಕಿಟಕಿಯಿಂದ ನೋಡಿದರೆ ಮಾರೆಪ್ಪ ಎರಡೂ ಕೈಗಳನ್ನು ಮಂಡಿಯ ಮೇಲೆ ಕಾಣುವಂತೆ ಇಟ್ಟುಕೊಂಡು, ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ. ಜೀವಮಾನವೆಲ್ಲ ಮಷೀನು ಬದುಕಲಿ ಎಂದು ದೇವರಿಗೆ ಕೈ ಮುಗಿದವಳು ನಾನು. ಅಂದು ಮಾತ್ರ, ಸಾಯೇ ತಾಯಿ, ಒಂದು ಸಲ ಸಾಯೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮುಂದಿನ ಲಾರಿ ತಟ್ಟೆಯ ಮೇಲೆ ಹತ್ತಿತು. ಚೀಟಿ ಅರ್ಧ ಅಚ್ಚಾಗಿತ್ತು, ಪ್ರಿಂಟರ್ ಕರಕರ ಎನ್ನುತ್ತಾ ನಿಂತಿತು. ಪರದೆ ಕಪ್ಪಾಯಿತು.

ಸುಬ್ಬಾರಾವ್ ಕವಚದ ಬುಡದಿಂದ ಒಳಗೆ ಕೈ ಹಾಕಿ, "ಅಬ್ಬಾ!" ಎಂದು ಹಿಂದೆಗೆದುಕೊಂಡರು. ಆಮೇಲೆ ಬಾಗಿಲಿಗೆ ಹೋಗಿ ಕರೆದರು, "ಮಾರೆಪ್ಪಾ, ಬಾರಪ್ಪಾ. ಬಂದು ನಿನ್ನ ಕುರ್ಚಿ ಮೇಲೆ ಕೂತ್ಕೋ. ಲಾರಿ ನಿಂತಿದಾವೆ." ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕುರ್ಚಿಯನ್ನು ಎಳೆದು ಕೊಟ್ಟವರು ಅವರೇ. ಮಾರೆಪ್ಪ ಕೂರುವ ಮೊದಲು ಮಷೀನಿನ ಕವಚ ಕಳಚಿ, ಅದರ ಮೈಮೇಲೆ ಅಂಗೈ ಇಟ್ಟು, "ಪಾಪ, ಹೆಂಗ ಸುಡಾಕತ್ತೈತಿ" ಎಂದ.

ನಾನು ಹೊರಟಾಗ ಓಡುತ್ತಾ ಹಿಂದೆ ಬಂದ. ಕೆಲಸ ಉಳಿದ ಮನುಷ್ಯನ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಿತ್ತು. "ಅಕ್ಕೋರೆ, ಒಂದ್ ಮಾತು. ಇದು ಕವರ್ ದೆಸಿಂದ ಆತು ಅಂತ ನಮ್ಮಾಕಿಗೆ ಮಾತ್ರ ಗೊತ್ತಾಗಬಾರ್ದ್ರಿ. ಗಿಳಿ ತೆಗ್ಯಾಕ ಹದಿನೈದು ದಿನ ಕಣ್ಣು ಕಿತ್ಕೊಂಡು ಕುಂತಿದ್ಲು." ಅವಳಿಗೆ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಮರುದಿನ ಬುತ್ತಿ ಬಿಚ್ಚಿಕೊಂಡು ಗಣಕಕಟ್ಟೆಯಲ್ಲಿ ಫಲಿತಾಂಶ ಬರೆದೆ. ಬಟ್ಟೆಯ ಕವಚ, ಹೆಂಡತಿ ಹೊಲಿದದ್ದು, ಬಿಸಿಯಾಗಿ ಆಫ್ ಆಗುತ್ತಿತ್ತು ಎಂದು ನಾಲ್ಕೇ ಸಾಲು. ನಾನು ರೊಟ್ಟಿ ಮುರಿಯುವಷ್ಟರಲ್ಲಿ ಜಗಳ ಶುರು. ಆ ಪ್ರೊಸೆಸರ್ ಬಿಸಿಯಾಗುವುದೆಂದು ನಾನು ಹೇಳಿರಲಿಲ್ಲವೇ ಎಂದು ಒಬ್ಬ, ತಪ್ಪು ಫ್ಯಾನಿನದು ಎಂದು ಇನ್ನೊಬ್ಬ. ಒಬ್ಬ ಮಹಾನುಭಾವ ಆಗಲೂ ನರಿ ಹಾಕಿ ನೋಡಿ ಎಂದ.

ಅವರೆಲ್ಲರ ಮಧ್ಯೆ ಮೊಸರನ್ನನ ಒಂದು ಸಾಲು ಇತ್ತು. "ಅದೆಲ್ಲ ಇರ್ಲಿ ಧೂಳಣ್ಣ. ಆ ಮನುಷ್ಯನ ಕೆಲ್ಸ ಉಳೀತಾ?"

ಅಷ್ಟು ಜನರಲ್ಲಿ ಅದನ್ನು ಕೇಳಿದವನು ಅವನೊಬ್ಬನೇ. ತಿಂಗಳುಗಟ್ಟಲೆ ನಾನು ಬೈದ ಮನುಷ್ಯ. ಕಣ್ಣು ಒರೆಸಿಕೊಂಡು, "ಉಳೀತು" ಎಂದು ಟೈಪ್ ಮಾಡಿದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಒಳ್ಳೇದಾಯ್ತು. ಆದ್ರೆ ಕವರ್ ಹೊಲಿದ ಆ ತಾಯಿಗೆ ವಿಷ್ಯ ಹೇಳ್ಬೇಡ ಮಾರಾಯ. ಬೇಜಾರು ಮಾಡ್ಕೋತಾರೆ."

ಮಾರೆಪ್ಪ ಓಡಿ ಬಂದು ಕೇಳಿಕೊಂಡ ಮಾತನ್ನು ನಾನು ಕಟ್ಟೆಯಲ್ಲಿ ಬರೆದೇ ಇರಲಿಲ್ಲ, ಮೊಸರನ್ನನಿಗೆ ಅದು ತಾನಾಗಿ ಹೊಳೆದಿತ್ತು.